ತಾತನಿಗೆ ಅರಳು ಮರಳು, ಮೊಮ್ಮಗಳಿಗೆ ಆಲ್ಝೈಮರ್: ಮನೆಯಲ್ಲಿ ಯಾರ ಮಾತು ಕೇಳುವುದು?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಪ್ರೌಢಶಾಲಾ ಶಿಕ್ಷಕಿ, ವಯಸ್ಸು 46. ನಮ್ಮ ಅತ್ತೆಯವರಿಗೆ 74 ವರ್ಷ. ಎರಡು ವರ್ಷಗಳಿಂದ ಅವರ ಮರೆವು ಹೆಚ್ಚುತ್ತಿದೆ. ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಕಳೆದ ತಿಂಗಳು ಅವರ ಚಿನ್ನದ ಬಳೆಗಳು ಕಾಣದಾದಾಗ ನಾನೇ ತೆಗೆದುಕೊಂಡೆನೆಂದು ಪಕ್ಕದ ಮನೆಯವರ ಮುಂದೆ ಹೇಳಿದರು. ಮೂರನೆಯ ದಿನ ಅವು ಅಕ್ಕಿ ಡಬ್ಬದಲ್ಲಿ ಸಿಕ್ಕವು. ಸಂಜೆಯಾಯಿತೆಂದರೆ ‘ಮನೆಗೆ ಹೋಗಬೇಕು’ ಎಂದು ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅಂಚೆ ಇಲಾಖೆಯಿಂದ ನಿವೃತ್ತರಾದ ಮಾವನವರು (80) ‘ವಯಸ್ಸಾದ ಮೇಲೆ ಅರಳು ಮರಳು ಸಹಜ, ನಮ್ಮಮ್ಮನೂ ಹೀಗೇ ಇದ್ದರು, ಆಸ್ಪತ್ರೆ ಯಾಕೆ’ ಎನ್ನುತ್ತಾರೆ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗಳು ‘ಇದು ಆಲ್ಝೈಮರ್, ಎಂ.ಆರ್.ಐ. ಮಾಡಿಸಿ, ಅಜ್ಜಿಯನ್ನು ಒಳ್ಳೆಯ ಆರೈಕೆ ಕೇಂದ್ರಕ್ಕೆ ಸೇರಿಸಿ, ನಾನೂ ಜೀನ್ ಪರೀಕ್ಷೆ ಮಾಡಿಸಿಕೊಳ್ಳುತ್ತೇನೆ’ ಎಂದು ದಿನವೂ ಫೋನ್ ಮಾಡುತ್ತಾಳೆ. ಹತ್ತನೆಯ ತರಗತಿಯಲ್ಲಿರುವ ಮಗ ಅಜ್ಜಿಯ ಮಾತನ್ನು ವಿಡಿಯೊ ಮಾಡಿ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ. ಬೈದ ಮೇಲೆ ಅಜ್ಜಿಯ ಕೋಣೆಗೇ ಹೋಗುವುದಿಲ್ಲ. ನನ್ನ ಪತಿ ಅಪ್ಪನ ಮಾತಿಗೂ ಹೌದೆನ್ನುತ್ತಾರೆ, ಮಗಳ ಮಾತಿಗೂ ಹೌದೆನ್ನುತ್ತಾರೆ. ಯಾರ ಮಾತು ಸರಿ? ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅತ್ತೆಯವರ ಮರೆವಿಗಿಂತಲೂ, ಆ ಮರೆವಿಗೆ ಮನೆಯ ಒಬ್ಬೊಬ್ಬರೂ ಒಂದೊಂದು ಹೆಸರಿಟ್ಟು ಒಂದೊಂದು ದಿಕ್ಕಿಗೆ ಎಳೆಯುತ್ತಿರುವುದು ನಿಮ್ಮನ್ನು ಹೆಚ್ಚು ದಣಿಸಿದೆ ಎಂದು ನನಗನ್ನಿಸಿತು. ವೃದ್ಧರ ಮನೋವೈದ್ಯನಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಇಂಥ ಕುಟುಂಬಗಳನ್ನು ನೋಡುತ್ತಿದ್ದೇನೆ. ತಾತ ಒಂದು ಹೇಳುವ, ಮೊಮ್ಮಕ್ಕಳು ಇನ್ನೊಂದು ಹೇಳುವ, ನಡುವಿನವರು ಬಟ್ಟೆ ಒಗೆಯುವ ಮನೆಗಳೇ ಅವುಗಳಲ್ಲಿ ಹೆಚ್ಚು. ಮೊದಲೇ ನೇರವಾಗಿ ಹೇಳಿಬಿಡುತ್ತೇನೆ: ತಪಾಸಣೆ ಮಾಡಿಸಬೇಕೆಂಬ ವಿಷಯದಲ್ಲಿ ನಿಮ್ಮ ಮಗಳು ಸರಿ, ಅತ್ತೆಯವರ ಜೊತೆ ಹೇಗೆ ಬದುಕಬೇಕೆಂಬ ವಿಷಯದಲ್ಲಿ ಮಾವನವರಿಗೆ ಗೊತ್ತಿರುವಷ್ಟು ಮಗಳಿಗೆ ಗೊತ್ತಿಲ್ಲ, ಉಳಿದ ಹಲವು ಸಂಗತಿಗಳಲ್ಲಿ ಇಬ್ಬರ ತಿಳಿವಳಿಕೆಯೂ ತಪ್ಪು. ಮನೆಯವರೆಲ್ಲ ಒಂದೇ ಹೆಸರನ್ನು ಒಪ್ಪಿಕೊಳ್ಳುವವರೆಗೆ ನೀವು ಕಾಯಬೇಕಾಗಿಲ್ಲ. ಎಲ್ಲರೂ ಒಂದೇ ರೀತಿ ನಡೆದುಕೊಂಡರೆ ಸದ್ಯಕ್ಕೆ ಸಾಕು.

ಮಾವನವರ ಮಾತಿನಿಂದ ಆರಂಭಿಸುತ್ತೇನೆ, ಏಕೆಂದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ ಮತ್ತು ಅನ್ಯಾಯ. ‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತು ನಮ್ಮಲ್ಲಿ ಎಷ್ಟು ಹಳೆಯದೆಂದರೆ ಅದನ್ನು ಯಾರೂ ರೋಗದ ಹೆಸರೆಂದು ಭಾವಿಸಿಲ್ಲ. ಹಿಂದಿಯಲ್ಲಿ ಅರವತ್ತು ಎಂಬ ಸಂಖ್ಯೆಯಿಂದಲೇ ‘ಸಠಿಯಾನಾ’ ಎಂಬ ಕ್ರಿಯಾಪದ ಹುಟ್ಟಿದೆ. ವೈದ್ಯಶಾಸ್ತ್ರವೂ ಬಹುಕಾಲ ಹೀಗೇ ನಂಬಿತ್ತು ಎಂಬುದು ನಿಮ್ಮ ಮಗಳಿಗೆ ತಿಳಿದಿರಲಿಕ್ಕಿಲ್ಲ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ವಿವರಿಸಿದ ಮೊದಲ ರೋಗಿ ಆಗಸ್ಟ್ ಡೇಟರ್ ಎಂಬ ಮಹಿಳೆ ಆಸ್ಪತ್ರೆಗೆ ಸೇರಿದಾಗ ಆಕೆಗೆ ಕೇವಲ 51 ವರ್ಷ. ಹಾಗಾಗಿ ಮುಂದಿನ ಸುಮಾರು ಏಳು ದಶಕಗಳ ಕಾಲ ಆಲ್ಝೈಮರ್ ಎಂಬುದು ನಡುವಯಸ್ಸಿನವರಿಗೆ ಬರುವ ಅಪರೂಪದ ರೋಗವೆಂದೂ, ಎಪ್ಪತ್ತು ದಾಟಿದವರ ಮರೆವು ಮುಪ್ಪಿನ ಭಾಗವೆಂದೂ ವೈದ್ಯರೇ ಬೇರ್ಪಡಿಸಿಟ್ಟಿದ್ದರು. ಮಿದುಳಿನಲ್ಲಿ ಕಾಣುವ ಬದಲಾವಣೆ ಎರಡರಲ್ಲೂ ಒಂದೇ, ಆದ್ದರಿಂದ ಇವೆರಡೂ ಒಂದೇ ರೋಗ ಎಂಬ ವಾದಕ್ಕೆ ಬಲ ಬಂದದ್ದು 1976ರಲ್ಲಿ ಅಮೆರಿಕದ ನರತಜ್ಞ ರಾಬರ್ಟ್ ಕಾಟ್ಜ್‌ಮನ್ ಬರೆದ ಲೇಖನದ ನಂತರ. ಅಂದರೆ ಮಾವನವರು ಅಂಚೆ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ವಯಸ್ಸಿನಲ್ಲಿ ಅವರ ಅಭಿಪ್ರಾಯವೂ ಹೆಚ್ಚಿನ ವೈದ್ಯರ ಅಭಿಪ್ರಾಯವೂ ಒಂದೇ ಆಗಿತ್ತು.

ಈಗಲೂ ಪರಿಸ್ಥಿತಿ ಬಹಳ ಬದಲಾಗಿಲ್ಲ. ಆಲ್ಝೈಮರ್ಸ್ ಡಿಸೀಸ್ ಇಂಟರ್‌ನ್ಯಾಷನಲ್ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಜಾಗತಿಕ ವರದಿಯಲ್ಲಿ, ಡಿಮೆನ್ಷಿಯಾ (ನೆನಪು, ವಿವೇಚನೆ ಮುಂತಾದವು ಕುಗ್ಗುವ ಸ್ಥಿತಿ) ಎನ್ನುವುದು ವಯಸ್ಸಾಗುವಿಕೆಯ ಸಹಜ ಭಾಗವೆಂದು ನಂಬುವ ಸಾಮಾನ್ಯ ಜನರ ಪ್ರಮಾಣ ಶೇ 80, ಹಾಗೆಯೇ ನಂಬುವ ಆರೋಗ್ಯ ಸಿಬ್ಬಂದಿಯ ಪ್ರಮಾಣ ಶೇ 65 ಎಂದಿದೆ. ನಮ್ಮ ವೃತ್ತಿಯವರ ಈ ಅಂಕಿಯನ್ನು ನೋಡಿದ ಮೇಲೆ ನಾನು ಯಾವ ತಾತನಿಗೂ ಉಪದೇಶ ಮಾಡುವುದನ್ನು ಬಿಟ್ಟಿದ್ದೇನೆ.

ಆದರೆ ನಂಬಿಕೆ ಹಳೆಯದೆಂಬ ಕಾರಣಕ್ಕೆ ಸರಿಯಾಗುವುದಿಲ್ಲ. ಭಾರತದ ಹಿರಿಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ, 60 ದಾಟಿದವರಲ್ಲಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ. ಈ ಸಂಖ್ಯೆಯನ್ನು ತಿರುಗಿಸಿ ಓದಿದರೆ ಅರವತ್ತು ದಾಟಿದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಅದು ಇಲ್ಲ. ವಯಸ್ಸು ಏರಿದಂತೆ ಸಾಧ್ಯತೆ ಏರುವುದು ನಿಜವಾದರೂ, ಎಂಬತ್ತರಲ್ಲೂ ಬಹುಪಾಲು ಜನರಿಗೆ ಅದು ಬರುವುದಿಲ್ಲ. ಇದಕ್ಕೆ ಮಾವನವರೇ ಒಳ್ಳೆಯ ಸಾಕ್ಷಿ. ಅತ್ತೆಯವರಿಗಿಂತ ಆರು ವರ್ಷ ದೊಡ್ಡವರಾದ ಅವರಿಗೆ ಬಾರದ ಅರಳು ಮರಳು ಅತ್ತೆಯವರಿಗೆ ಏಕೆ ಬಂತು ಎಂದು ಜಗಳವಾಡದೆ, ನಗುತ್ತಲೇ ಒಮ್ಮೆ ಕೇಳಿ ನೋಡಿ.

ಹಿರಿಯರು ಇದನ್ನು ಸಹಜವೆಂದು ಕಾಣಲು ಅವರು ಬೆಳೆದ ಮನೆಯೂ ಒಂದು ಕಾರಣ. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯರ ಸರಾಸರಿ ಆಯುಸ್ಸು ಮೂವತ್ತರ ಆಸುಪಾಸಿನಲ್ಲಿತ್ತು, ಈಗ ಎಪ್ಪತ್ತರ ಸಮೀಪವಿದೆ. ಆ ಕಡಿಮೆ ಸರಾಸರಿಗೆ ಶಿಶುಮರಣವೇ ದೊಡ್ಡ ಕಾರಣವಾಗಿದ್ದರೂ, ಎಂಬತ್ತು ದಾಟುವವರು ಆಗ ಕಡಿಮೆಯಿದ್ದದ್ದೂ ನಿಜ; ಡಿಮೆನ್ಷಿಯಾದ ಕೊನೆಯ ಹಂತವನ್ನು ಅವರ ತಲೆಮಾರು ಹತ್ತಿರದಿಂದ ನೋಡಿದ್ದೇ ಕಡಿಮೆ. ಹದಿನೈದು ಜನರಿದ್ದ ಮನೆಯಲ್ಲಿ ಅಜ್ಜಿಯೊಬ್ಬರು ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಜಪಮಣಿಗೆ ಸರಿದರೆ ಯಾರಿಗೂ ಅದು ರೋಗವಾಗಿ ಕಾಣುತ್ತಿರಲಿಲ್ಲ, ಏಕೆಂದರೆ ಆ ಅಜ್ಜಿ ಗ್ಯಾಸ್ ಒಲೆ ಆರಿಸಬೇಕಿರಲಿಲ್ಲ, ಒ.ಟಿ.ಪಿ. ಹೇಳಬೇಕಿರಲಿಲ್ಲ, ಒಬ್ಬರೇ ಬೀಗ ಹಾಕಿಕೊಂಡು ಔಷಧಿ ಅಂಗಡಿಗೆ ಹೋಗಿಬರಬೇಕಿರಲಿಲ್ಲ. ಅದೇ ಮಿದುಳಿನ ಸವೆತ ಈಗಿನ ಮನೆಯಲ್ಲಿ ಎಷ್ಟೋ ಮೊದಲೇ ಕಣ್ಣಿಗೆ ಬೀಳುತ್ತದೆ. ಮಾವನವರ ತಾಯಿಯೂ ‘ಹೀಗೇ’ ಇದ್ದರೆಂಬುದು ಸುಳ್ಳಾಗಿರಲಿಕ್ಕಿಲ್ಲ. ಅವರಿಗೂ ಇದೇ ರೋಗ ಇದ್ದಿರಬಹುದು, ಅದಕ್ಕೆ ಹೆಸರಿರಲಿಲ್ಲ ಅಷ್ಟೆ.

ಇನ್ನೊಂದು ಕಾರಣವನ್ನು ಮಾವನವರು ತಾವಾಗಿ ಹೇಳಲಾರರು. ನನ್ನ ಕೋಣೆಯಲ್ಲಿ ಮೇಲಿಂದ ಮೇಲೆ ನಡೆಯುವ ದೃಶ್ಯವಿದು: ವಯಸ್ಸಾದ ದಂಪತಿ ಬಂದು ಕೂರುತ್ತಾರೆ, ನಾನು ಹೆಂಡತಿಯನ್ನು ‘ಬೆಳಿಗ್ಗೆ ಏನು ತಿಂಡಿ ತಿಂದಿರಿ’ ಎಂದು ಕೇಳುತ್ತೇನೆ, ಅವರು ಉತ್ತರಿಸದೆ ಗಂಡನ ಕಡೆಗೆ ತಲೆ ತಿರುಗಿಸುತ್ತಾರೆ, ಗಂಡ ತಕ್ಷಣ ‘ಉಪ್ಪಿಟ್ಟು’ ಎನ್ನುತ್ತಾರೆ. ಆ ತಲೆ ತಿರುಗಿಸುವಿಕೆ ನಮ್ಮ ಪಾಲಿಗೆ ರೋಗದ ಒಂದು ಸುಳಿವು. ಐವತ್ತು ವರ್ಷ ಜೊತೆಗೆ ಬಾಳಿದವರು ಒಬ್ಬರ ಕೊರತೆಯನ್ನು ಇನ್ನೊಬ್ಬರು ಎಷ್ಟು ಸಲೀಸಾಗಿ ತುಂಬಿಕೊಡುತ್ತಾರೆಂದರೆ ಮಕ್ಕಳಿಗೆ ಎರಡು ಮೂರು ವರ್ಷ ಏನೂ ಗೊತ್ತಾಗುವುದಿಲ್ಲ. ಅರಳು ಮರಳು ಎಂಬ ಮಾತು ಅಂಥ ಗಂಡನಿಗೆ ಒಂದು ಮರೆ. ಹೆಂಡತಿಯ ಮಾನ ಕಾಯಲು ಅದನ್ನು ಹಿಡಿದಿರುತ್ತಾರೆ, ‘ನಾಳೆ ನನಗೂ ಬಂದರೆ’ ಎಂಬ ತಮ್ಮ ಅಂಜಿಕೆಯೂ ಅದರ ಹಿಂದೆಯೇ ಇರುತ್ತದೆ. ಯುವಕರಿಗೆ ಡಿಮೆನ್ಷಿಯಾ ಮೂರನೆಯವರ ರೋಗ. ಎಂಬತ್ತರ ಮನುಷ್ಯನಿಗೆ ಅದು ಪಕ್ಕದ ಹಾಸಿಗೆಯಲ್ಲಿ ಮಲಗಿರುವ ಸಂಗತಿ.

ಈಗ ನಿಮ್ಮ ಮಗಳ ವಿಷಯ. ಅವಳ ತಲೆಮಾರಿನವರಿಗೆ ಹೆಸರು ಗೊತ್ತಿದೆ, ಮಿದುಳಿನ ಚಿತ್ರ ನೋಡಿದ್ದಾರೆ, ಇದು ಯಾರ ಕರ್ಮವೂ ಅಲ್ಲವೆಂದು ತಿಳಿದಿದ್ದಾರೆ. ಇದು ಸಣ್ಣ ಲಾಭವಲ್ಲ. ಆದರೆ ಪರದೆಯ ಮೇಲೆ ಕಲಿತದ್ದಕ್ಕೆ ಕೆಲವು ಮಿತಿಗಳಿವೆ. ಮೊದಲನೆಯದಾಗಿ, ಡಿಮೆನ್ಷಿಯಾ ಮತ್ತು ಆಲ್ಝೈಮರ್ ಒಂದೇ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಡಿಮೆನ್ಷಿಯಾ ಎಂಬುದು ಜ್ವರದಂತೆ ಒಂದು ಒಟ್ಟು ಹೆಸರು. ನೆನಪು, ವಿವೇಚನೆ, ಭಾಷೆ, ದಿಕ್ಕಿನ ಅರಿವು ಮುಂತಾದವು ದಿನನಿತ್ಯದ ಬದುಕಿಗೆ ತೊಡಕಾಗುವಷ್ಟು ಕುಗ್ಗುವ ಸ್ಥಿತಿ. ಅದರ ಕಾರಣಗಳಲ್ಲಿ ಆಲ್ಝೈಮರ್ ಶೇ 60ರಿಂದ 70ರಷ್ಟು. ಮಿದುಳಿನ ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಬರುವ ಬಗೆ, ನಡುಕ ಮತ್ತು ಇಲ್ಲದ್ದು ಕಾಣುವುದರೊಡನೆ ಬರುವ ಬಗೆ, ನೆನಪಿಗಿಂತ ಮೊದಲು ಸ್ವಭಾವ ಕೆಡಿಸುವ ಬಗೆ ಹೀಗೆ ಉಳಿದವು ಬೇರೆ ಬೇರೆ. ಕನ್ನಡದಲ್ಲಿ ಇದಕ್ಕೆ ‘ಬುದ್ಧಿಮಾಂದ್ಯತೆ’ ಎಂದು ಬರೆಯುವುದು ನನಗೆ ಒಗ್ಗುವುದಿಲ್ಲ, ಹುಟ್ಟಿನಿಂದ ಬರುವ ಇನ್ನೊಂದು ಸ್ಥಿತಿಗೂ ಅದೇ ಪದ ಬಳಕೆಯಲ್ಲಿದೆ. ಮನೆಯವರೊಡನೆ ಮಾತಾಡುವಾಗ ನಾನು ಮರೆವಿನ ಕಾಯಿಲೆ ಎನ್ನುತ್ತೇನೆ. ಎರಡನೆಯದಾಗಿ, ಎಂ.ಆರ್.ಐ. ತೆಗೆದರೆ ಉತ್ತರ ಸಿಗುತ್ತದೆಂದು ಯುವಕರು ನಂಬುತ್ತಾರೆ. ಸ್ಕ್ಯಾನ್ ನೆರವಾಗುತ್ತದೆ, ಆದರೆ ರೋಗವನ್ನು ಗುರುತಿಸುವುದು ಮುಖ್ಯವಾಗಿ ಮನೆಯವರು ಹೇಳುವ ಕಥೆಯಿಂದ ಮತ್ತು ರೋಗಿಯೊಡನೆ ಕೂತು ಮಾಡುವ ನೆನಪಿನ ಪರೀಕ್ಷೆಯಿಂದ. ಮೂರನೆಯದು, ನನಗೆ ಹೆಚ್ಚು ಕಳವಳ ತರುವುದು: ರೋಗದ ಹೆಸರು ತಿಳಿದ ಕ್ಷಣದಿಂದ ಅವರಿಗೆ ಅಜ್ಜಿಯ ಪ್ರತಿಯೊಂದು ಮಾತೂ ರೋಗಲಕ್ಷಣವಾಗುತ್ತದೆ. ಅಜ್ಜಿಗೆ ಸಿಟ್ಟು ಬರಲೂ ಒಂದು ಕಾರಣವಿರಬಹುದು, ಅದು ನ್ಯಾಯವಾದ ಸಿಟ್ಟೂ ಆಗಿರಬಹುದು ಎಂಬುದು ಮರೆತುಹೋಗುತ್ತದೆ.

ಜೀನ್ ಪರೀಕ್ಷೆಯ ಮಾತನ್ನು ಬೇಗ ಮುಗಿಸುತ್ತೇನೆ. ವಂಶದಲ್ಲಿ ನೇರವಾಗಿ ಇಳಿಯುವ ಆಲ್ಝೈಮರ್ ಒಟ್ಟು ಪ್ರಕರಣಗಳಲ್ಲಿ ಶೇ 1ಕ್ಕಿಂತ ಕಡಿಮೆ, ಮತ್ತು ಅದು ಸಾಮಾನ್ಯವಾಗಿ ಮೂವತ್ತರಿಂದ ಅರವತ್ತರೊಳಗೇ ತಲೆದೋರುತ್ತದೆ. ಎಪ್ಪತ್ತರ ನಂತರ ಬಂದದ್ದಕ್ಕೆ ಮೊಮ್ಮಗಳು ಪರೀಕ್ಷೆ ಮಾಡಿಸಿಕೊಂಡು ತಿಳಿಯುವಂಥದ್ದು ಹೆಚ್ಚೇನೂ ಇಲ್ಲ. ಎಪಿಒಇ ಎಂಬ ಜೀನಿನ ಒಂದು ಬಗೆ ಇದ್ದವರಿಗೆ ಅಪಾಯ ಹೆಚ್ಚಾದರೂ ಅದಿದ್ದ ಎಲ್ಲರಿಗೂ ರೋಗ ಬರುವುದಿಲ್ಲ, ಇಲ್ಲದವರಿಗೂ ಬರುತ್ತದೆ. ಇಪ್ಪತ್ತೊಂದರ ಹುಡುಗಿ ಆ ಫಲಿತಾಂಶವನ್ನು ಕಪಾಟಿನಲ್ಲಿಟ್ಟುಕೊಂಡು ಐವತ್ತು ವರ್ಷ ಕಳೆಯಬೇಕೆ? 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವು ಬದಲಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಗುರುತಿಸಿ, ಅವೆಲ್ಲವನ್ನೂ ನಿಭಾಯಿಸಿದರೆ ಪ್ರಪಂಚದ ಸುಮಾರು ಶೇ 45 ಡಿಮೆನ್ಷಿಯಾ ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂದು ಅಂದಾಜಿಸಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಧೂಮಪಾನ, ಕಿವಿ ಕೇಳದಿರುವುದು, ಕಣ್ಣು ಮಂಜಾಗಿದ್ದರೂ ಶಸ್ತ್ರಚಿಕಿತ್ಸೆ ಮಾಡಿಸದಿರುವುದು, ಒಂಟಿತನ ಇವೆಲ್ಲ ಅದರಲ್ಲಿವೆ. ಮಗಳಿಗೆ ಕಾಳಜಿಯಿದ್ದರೆ ಜೀನ್ ಪರೀಕ್ಷೆಯ ಹಣದಲ್ಲಿ ತನ್ನ ಅಪ್ಪನ ರಕ್ತದೊತ್ತಡವನ್ನು ಹಲವು ವರ್ಷ ಅಳೆಸಬಹುದು. ಎರಡೂ ಕಡೆ ಹೌದೆನ್ನುವ ಗಂಡಸರು ಸಾಮಾನ್ಯವಾಗಿ ಅದನ್ನು ತಪಾಸಿಸಿಕೊಂಡಿರುವುದಿಲ್ಲ.

ಬಳೆಯ ಪ್ರಸಂಗಕ್ಕೆ ಬರುತ್ತೇನೆ, ಏಕೆಂದರೆ ನೀವು ಅದನ್ನು ಎರಡೇ ವಾಕ್ಯಗಳಲ್ಲಿ ಬರೆದು ಮುಂದೆ ಹೋಗಿದ್ದೀರಿ, ಆದರೆ ನೋವು ಅಲ್ಲಿಯೇ ಇದೆ ಎಂದು ನನಗೆ ಕಾಣುತ್ತದೆ. ಹೊಸ ನೆನಪನ್ನು ಅಚ್ಚೊತ್ತುವ ಮಿದುಳಿನ ಭಾಗ ಈ ರೋಗದಲ್ಲಿ ಮೊದಲು ಸವೆಯುತ್ತದೆ. ಏನೋ ತಪ್ಪುತ್ತಿದೆ ಎಂಬ ಅಳುಕಿನಿಂದ ಅತ್ತೆಯವರು ಬಳೆಗಳನ್ನು ಭದ್ರವಾಗಿರಲೆಂದು ಅಕ್ಕಿ ಡಬ್ಬದೊಳಗೆ ಇಟ್ಟಿದ್ದಾರೆ; ಇಟ್ಟ ನೆನಪು ಅಚ್ಚಾಗಲಿಲ್ಲ; ಕೈ ಬರಿದಾಗಿದೆ ಎಂಬುದು ಮಾತ್ರ ಕಣ್ಣಿಗೆ ಕಾಣುತ್ತಿದೆ. ಹಾಗಿರುವಾಗ ‘ಯಾರೋ ತೆಗೆದಿದ್ದಾರೆ’ ಎಂಬುದು ಅವರ ಮನಸ್ಸಿಗೆ ಸಿಗುವ ಅತ್ಯಂತ ತರ್ಕಬದ್ಧ ವಿವರಣೆ. ಯಾರು ಎಂದರೆ, ದಿನವಿಡೀ ಹತ್ತಿರವಿರುವವರು. ನಾನು ನೋಡಿದ ಮನೆಗಳಲ್ಲಿ ಕಳವಿನ ಆರೋಪ ಹೊತ್ತವರು ಬಹುಪಾಲು ಸೊಸೆಯರು, ಹೊರಗಿನಿಂದ ಫೋನ್ ಮಾಡುವ ಮಕ್ಕಳ ಮೇಲೆ ಅದು ಬಂದದ್ದು ತೀರಾ ಅಪರೂಪ. ಹಿಂದಿನ ಜಗಳಗಳ ಕಹಿ ಈಗ ಹೊರಬಂತೆಂದು ನೆಂಟರು ಹೇಳಿದರೆ ನಂಬಬೇಡಿ. ವಾದಿಸಿದರೆ ಆರೋಪ ಗಟ್ಟಿಯಾಗುತ್ತದೆ. ‘ಛೆ, ಬಳೆ ಕಾಣದಿದ್ದರೆ ಯಾರಿಗೂ ಗಾಬರಿಯಾಗುತ್ತದೆ, ಬನ್ನಿ ಅತ್ತೆ, ಇಬ್ಬರೂ ಹುಡುಕೋಣ’ ಎಂದು ಕೈಹಿಡಿದು ಎಬ್ಬಿಸಿದರೆ ಹೆಚ್ಚಿನ ಸಲ ಇಳಿಯುತ್ತದೆ. ಅಸಲಿ ಬಳೆಗಳನ್ನು ಲಾಕರಿನಲ್ಲಿಟ್ಟು ಅದೇ ಮಾದರಿಯ ಕವರಿಂಗ್ ಬಳೆ ತೊಡಿಸುವ ಉಪಾಯವನ್ನು ಹಲವರು ಮಾಡುತ್ತಾರೆ. ಅದರಲ್ಲಿ ಸ್ವಲ್ಪ ವಂಚನೆಯಿದೆ, ಕೆಲವು ಅತ್ತೆಯರು ತೂಕದಿಂದಲೇ ಕಂಡುಹಿಡಿಯುತ್ತಾರೆ ಕೂಡ; ಮಾವನವರಿಗೆ ತಿಳಿಸದೆ ಮಾತ್ರ ಮಾಡಬೇಡಿ.

ಸಂಜೆಯ ‘ಮನೆಗೆ ಹೋಗಬೇಕು’ ಎಂಬುದನ್ನು ಮೂರು ತಲೆಮಾರುಗಳು ಮೂರು ರೀತಿಯಲ್ಲಿ ಎದುರಿಸುವುದನ್ನು ಗಮನಿಸಿದ್ದೇನೆ. ಮೊಮ್ಮಕ್ಕಳು ತಿದ್ದುತ್ತಾರೆ: ‘ಅಜ್ಜಿ, ಇದೇ ನಿಮ್ಮ ಮನೆ, ನಲವತ್ತು ವರ್ಷದಿಂದ ಇಲ್ಲೇ ಇದ್ದೀರಿ’. ಮಗ ಟಿ.ವಿ. ಧ್ವನಿ ಹೆಚ್ಚಿಸುತ್ತಾನೆ. ವಯಸ್ಸಾದ ಗಂಡ, ಏನೂ ಓದದಿದ್ದರೂ, ‘ಹೋಗೋಣ ಇರು, ಕಾಫಿ ಕುಡಿದು ಹೊರಡೋಣ’ ಎನ್ನುತ್ತಾನೆ. ಪರದೇಶದ ತರಬೇತಿ ಪುಸ್ತಕಗಳು ಅಧ್ಯಾಯಗಟ್ಟಲೆ ಕಲಿಸುವುದು ಈ ಮೂರನೆಯದನ್ನೇ. ಸಂಜೆ ಬೆಳಕು ಇಳಿಯುವಾಗ ಗೊಂದಲ ಹೆಚ್ಚುವುದು ಈ ರೋಗದಲ್ಲಿ ಸಾಮಾನ್ಯ, ಮತ್ತು ಅವರು ಕೇಳುತ್ತಿರುವ ಮನೆ ಹಲವು ಸಲ ತವರುಮನೆ, ಏಕೆಂದರೆ ಹಳೆಯ ನೆನಪುಗಳು ಹೊಸವಕ್ಕಿಂತ ಹೆಚ್ಚು ಕಾಲ ಉಳಿಯುತ್ತವೆ. ‘ನಿಮ್ಮ ಅಂಗಳದಲ್ಲಿ ಯಾವ ಮರವಿತ್ತು, ಅಮ್ಮ ಸಂಜೆ ಏನು ಮಾಡುತ್ತಿದ್ದರು’ ಎಂದು ಕೇಳಿದರೆ ಬಾಗಿಲಿನಿಂದ ಕುರ್ಚಿಗೆ ಬರುವುದನ್ನು ನಾನೇ ನೋಡಿದ್ದೇನೆ. ಐದು ಗಂಟೆಗೇ ದೀಪ ಹಾಕಿ. ಮಲಬದ್ಧತೆ, ಮೂತ್ರದ ಉರಿ, ಮಂಡಿನೋವು, ಹಸಿವು ಇವನ್ನು ಹೇಳಲು ಬಾರದಾಗಲೂ ‘ಮನೆಗೆ ಹೋಗಬೇಕು’ ಎಂದೇ ಬರುವುದುಂಟು, ಅದನ್ನೂ ನೋಡಿ. ಸುಳ್ಳು ಹೇಳಿದಂತಾಗುತ್ತದಲ್ಲ ಎಂದು ಮೇಷ್ಟರ ಕುಟುಂಬದವರು ನನ್ನನ್ನು ಕೇಳುತ್ತಾರೆ. ತೀರಿಹೋದ ತಾಯಿ ‘ಇನ್ನೇನು ಬರುತ್ತಾರೆ’ ಎಂದು ನಾನು ಹೇಳಿಸುವುದಿಲ್ಲ. ‘ತೀರಿಹೋಗಿದ್ದಾರೆ’ ಎಂದು ದಿನವೂ ಹೊಸದಾಗಿ ಸಾವಿನ ಸುದ್ದಿ ಕೊಡಿಸುವುದೂ ಇಲ್ಲ. ಎರಡರ ನಡುವೆ ಮಾತಾಡಲು ಬೇಕಾದಷ್ಟು ಜಾಗವಿದೆ.

ಇನ್ನು ವೈದ್ಯರ ಬಳಿ ಹೋಗುವ ವಿಷಯ. ಸುಮ್ಮನೆ ನೋಡೋಣವೆಂದು ಬಿಡುವುದರಲ್ಲಿರುವ ಅಪಾಯ ಒಂದೇ ಮಾತಿನದು: ಮರೆವಿನ ಕಾಯಿಲೆಯಂತೆಯೇ ಕಾಣುವ, ಆದರೆ ವಾಸಿಯಾಗುವ ಕೆಲವು ಸ್ಥಿತಿಗಳಿವೆ. ಬಿ-12 ಕೊರತೆ (ಸಸ್ಯಾಹಾರಿ ಹಿರಿಯರಲ್ಲಿ ಇದನ್ನು ಮೇಲಿಂದ ಮೇಲೆ ನೋಡುತ್ತೇನೆ), ಥೈರಾಯ್ಡ್ ಕುಗ್ಗುವುದು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಖಿನ್ನತೆ, ಎಂದೋ ಬಚ್ಚಲಲ್ಲಿ ಜಾರಿಬಿದ್ದು ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಕಟ್ಟಿಕೊಂಡಿರುವುದು, ಮಿದುಳಿನಲ್ಲಿ ನೀರು ತುಂಬಿ ನಡಿಗೆಯೂ ಮೂತ್ರದ ಹಿಡಿತವೂ ಕೆಟ್ಟಿರುವುದು. ಇವುಗಳ ಜೊತೆಗೆ ಮಾತ್ರೆಗಳು: ನಿದ್ರೆಯ ಮಾತ್ರೆ, ನೆಗಡಿ ತುರಿಕೆಗೆ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ, ಪದೇ ಪದೇ ಮೂತ್ರ ಬರುವುದಕ್ಕೆ ಕೊಡುವ ಕೆಲವು ಮಾತ್ರೆಗಳು ವಯಸ್ಸಾದವರ ನೆನಪನ್ನು ಮಬ್ಬಾಗಿಸುತ್ತವೆ. ಎರಡು ವರ್ಷದಿಂದ ನಿಧಾನವಾಗಿ ಹೆಚ್ಚಿರುವ ಮರೆವು ಪೂರ್ತಿ ವಾಸಿಯಾಗುವ ಸಂದರ್ಭಗಳು ಕಡಿಮೆಯೇ ಎಂದು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಒಂದು ರಕ್ತಪರೀಕ್ಷೆಯಲ್ಲಿ ತಿಳಿಯಬಹುದಾದ ಕಾರಣವನ್ನು ಅರಳು ಮರಳೆಂದು ಬಿಟ್ಟು ಮೂರು ವರ್ಷದ ನಂತರ ಕರೆತಂದ ಕುಟುಂಬದ ಮುಖವನ್ನು ನೋಡುವುದು ಕಷ್ಟ. ಒಂದೆರಡು ದಿನಗಳಲ್ಲಿ ಏಕಾಏಕಿ ಗೊಂದಲ ಹೆಚ್ಚಿ ಮಂಪರಾದರೆ ಅದು ಬೇರೆಯೇ ಸಂಗತಿ, ಆಗ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಾವನವರನ್ನು ಒಪ್ಪಿಸಲು ರೋಗದ ಹೆಸರನ್ನು ಬಳಸಬೇಡಿ. ‘ಅತ್ತೆಯವರ ಬಿ.ಪಿ., ಶುಗರ್, ಕಣ್ಣು, ಕಿವಿ ಒಮ್ಮೆ ನೋಡಿಸೋಣ, ನಿಮ್ಮದೂ ಆಗಲಿ’ ಎಂದರೆ ಸಾಕು, ಅದರಲ್ಲಿ ಸುಳ್ಳೂ ಇಲ್ಲ. ಮೊದಲು ನಿಮ್ಮೂರಿನ ಫಿಜಿಷಿಯನ್, ಅನಂತರ ನರರೋಗ ಅಥವಾ ಮನೋರೋಗ ತಜ್ಞರು. ನೆನಪಿನ ಪರೀಕ್ಷೆ ಕನ್ನಡದಲ್ಲೇ ಆಗಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಸಿದ್ಧಪಡಿಸಿರುವ ಪರೀಕ್ಷಾ ಸಾಮಗ್ರಿ ಲಭ್ಯವಿರುವ ಐದು ಭಾಷೆಗಳಲ್ಲಿ ಕನ್ನಡವೂ ಒಂದು. ನಾಲ್ಕನೆಯ ತರಗತಿಯವರೆಗೆ ಓದಿದ ಅಜ್ಜಿಯನ್ನು ಇಂಗ್ಲಿಷ್ ತಿಂಗಳುಗಳ ಹೆಸರನ್ನು ಹಿಂದುಮುಂದಾಗಿ ಹೇಳಿಸಿ ಅಂಕ ಕೊಡುವುದು ನ್ಯಾಯವಲ್ಲ. ಸಂಕ್ರಾಂತಿಗೆ ಏನು ಹಂಚುತ್ತೇವೆ, ಯುಗಾದಿ ಯಾವ ಮಾಸದಲ್ಲಿ ಎಂದು ಕೇಳಿದರೆ ತಿಳಿಯಬೇಕಾದ್ದು ಬೇಗ ತಿಳಿಯುತ್ತದೆ.

ರೋಗವೆಂದು ಖಚಿತವಾದರೆ ಅತ್ತೆಯವರಿಗೆ ಹೇಳಬೇಕೆ ಎಂಬ ಪ್ರಶ್ನೆ ಏಳುತ್ತದೆ, ಮತ್ತು ಇಲ್ಲಿ ತಲೆಮಾರುಗಳು ಮತ್ತೆ ಎದುರಾಗುತ್ತವೆ. ಮಾವನವರು ಬೇಡವೆನ್ನುತ್ತಾರೆ, ಮಗಳು ಅದು ಅಜ್ಜಿಯ ಹಕ್ಕು ಎನ್ನುತ್ತಾಳೆ. ನಾನು ಅವರನ್ನೇ ಕೇಳುತ್ತೇನೆ: ‘ನಿಮ್ಮ ನೆನಪಿನ ಬಗ್ಗೆ ನಾನು ಕಂಡುಕೊಂಡದ್ದನ್ನು ನಿಮಗೇ ಹೇಳಲೇ, ಯಜಮಾನರಿಗೆ ಹೇಳಿದರೆ ಸಾಕೇ?’ ಆರಂಭದ ಹಂತದಲ್ಲಿರುವ ಹಲವರು ‘ನನಗೇ ಹೇಳಿ’ ಎಂದಿದ್ದಾರೆ, ಕೆಲವರು ಗಂಡನ ಕಡೆ ನೋಡಿದ್ದಾರೆ. ಎರಡೂ ಉತ್ತರವೇ. ಹೇಳಿದರೆ ಕೆಲ ದಿನ ಕುಗ್ಗಬಹುದು. ಹೇಳದಿದ್ದರೆ ಹಣಕಾಸು, ಉಯಿಲು, ಯಾರ ಜೊತೆ ಇರಬೇಕು ಎಂಬ ವಿಷಯಗಳಲ್ಲಿ ಅವರ ಮಾತು ಕೇಳುವ ಅವಕಾಶ ಕೈತಪ್ಪುತ್ತದೆ. ಒಂದನ್ನು ಮಾತ್ರ ತಿಳಿದಿರಿ, ಅತ್ತೆಯವರು ಬರೆದುಕೊಟ್ಟ ಅಧಿಕಾರಪತ್ರ ಅವರ ವಿವೇಚನೆ ಪೂರ್ತಿ ಹೋದ ಮೇಲೆ ನಮ್ಮ ಕಾನೂನಿನಲ್ಲಿ ಊರ್ಜಿತವಾಗಿ ಉಳಿಯುವುದಿಲ್ಲ. ಬ್ಯಾಂಕಿನ ಖಾತೆಯನ್ನು ಜಂಟಿ ಮಾಡುವುದು, ಉಯಿಲು ಬರೆಯುವುದಿದ್ದರೆ ವೈದ್ಯರ ಪತ್ರದೊಡನೆ ಬರೆಸುವುದು ಇವೆಲ್ಲ ಈಗಲೇ ಆಗಬೇಕು.

ಔಷಧಿಗಳ ಬಗ್ಗೆ ಹಿರಿಯರು ‘ಇದಕ್ಕೆ ಮದ್ದಿಲ್ಲ’ ಎನ್ನುತ್ತಾರೆ, ಕಿರಿಯರು ಅಮೆರಿಕದ ಹೊಸ ಚುಚ್ಚುಮದ್ದಿನ ಸುದ್ದಿ ಕಳಿಸುತ್ತಾರೆ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಂಟಿನ್ ಇವು ನಮ್ಮಲ್ಲಿ ಸುಲಭವಾಗಿ ಸಿಗುವ ಮಾತ್ರೆಗಳು. ರೋಗವನ್ನು ನಿಲ್ಲಿಸುವುದಿಲ್ಲ, ಕೆಲವರಲ್ಲಿ ಕೆಲ ಕಾಲ ಚುರುಕನ್ನು ಉಳಿಸಿಕೊಡುತ್ತವೆ. ಡೊನೆಪೆಜಿಲ್‌ನಿಂದ ಓಕರಿಕೆ, ಭೇದಿ, ಹಸಿವು ಕಡಿಮೆಯಾಗುವುದು, ನಾಡಿ ನಿಧಾನವಾಗುವುದು ಆಗಬಹುದು, ಆದ್ದರಿಂದ ಮೊದಲು ಇ.ಸಿ.ಜಿ. ತೆಗೆಸುತ್ತೇನೆ. ಅಮೆರಿಕದಲ್ಲಿ 2023ರಲ್ಲಿ ಲೆಕಾನೆಮ್ಯಾಬ್, 2024ರಲ್ಲಿ ಡೊನಾನೆಮ್ಯಾಬ್ ಅನುಮೋದನೆ ಪಡೆದಿವೆ. ಅವು ತೀರಾ ಆರಂಭದ ಹಂತದ ಆಲ್ಝೈಮರ್‌ಗೆ ಮಾತ್ರ, ಇಳಿಜಾರನ್ನು ಅಲ್ಪ ಪ್ರಮಾಣದಲ್ಲಿ ನಿಧಾನಿಸುತ್ತವೆ, ಮಿದುಳಿನಲ್ಲಿ ಊತ ಅಥವಾ ರಕ್ತಸ್ರಾವದ ಅಪಾಯವಿರುವುದರಿಂದ ಮತ್ತೆ ಮತ್ತೆ ಎಂ.ಆರ್.ಐ. ಬೇಕು. ಅತ್ತೆಯವರ ಸಂಜೆಯ ಗೊಂದಲಕ್ಕೆ ಯಾರಾದರೂ ‘ಸುಮ್ಮನಾಗುವ ಮಾತ್ರೆ’ ಕೊಟ್ಟರೆ ಎಚ್ಚರವಿರಲಿ. ಮನೋವಿಕಾರಕ್ಕೆ ಕೊಡುವ ಆ ಬಗೆಯ ಔಷಧಿಗಳು ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಸಿದ್ದಾರೆ. ಹೊಡೆಯಲು ಬರುವಷ್ಟು, ತಾವೇ ಅಪಾಯಕ್ಕೆ ಸಿಕ್ಕಿಕೊಳ್ಳುವಷ್ಟು ಕಷ್ಟವಾದಾಗ ನಾನೂ ಬರೆಯುತ್ತೇನೆ, ಕಡಿಮೆ ಪ್ರಮಾಣದಲ್ಲಿ, ಕೆಲವು ವಾರಗಳ ಮಟ್ಟಿಗೆ.

ಆರೈಕೆ ಕೇಂದ್ರ ಎಂಬ ಮಗಳ ಸಲಹೆಯನ್ನು ನಿರ್ದಯವೆಂದು ಕಾಣಬೇಡಿ, ಈಗಲೇ ಒಪ್ಪಲೂ ಬೇಡಿ. ಈ ಹಂತದಲ್ಲಿ ಜಾಗ ಬದಲಾದರೆ ಗೊಂದಲ ಹೆಚ್ಚುವುದು ಖಂಡಿತ. ಬಚ್ಚಲು ಎಲ್ಲಿದೆ ಎಂಬ ಹಳೆಯ ರೂಢಿಯ ಮೇಲೆಯೇ ಅವರು ನಡೆಯುತ್ತಿರುತ್ತಾರೆ. ಹಗಲು ಮಾತ್ರ ನೋಡಿಕೊಳ್ಳುವ ಕೇಂದ್ರಗಳು ಒಳ್ಳೆಯ ನಡುದಾರಿ, ಆದರೆ ಬೆಂಗಳೂರಿನಾಚೆ ಅವು ವಿರಳ. ಮನೆಗೆ ಸಹಾಯಕಿಯನ್ನು ಇಟ್ಟುಕೊಳ್ಳಬಹುದು. ಪದೇ ಪದೇ ಮುಖ ಬದಲಾದರೆ ಅತ್ತೆಯವರಿಗೆ ದಿನವೂ ಅಪರಿಚಿತರು ಮನೆಹೊಕ್ಕಂತಾಗುತ್ತದೆ, ಆದ್ದರಿಂದ ತರಬೇತಿಗಿಂತ ಒಬ್ಬರೇ ನೆಲೆಯಾಗಿ ಬರುವುದು ಮುಖ್ಯ. ಮುಂದೊಂದು ದಿನ ರಾತ್ರಿ ನಿದ್ರೆ ಪೂರ್ತಿ ಹೋಗಿ, ಎತ್ತಿ ಕೂರಿಸಬೇಕಾದ ಸ್ಥಿತಿ ಬಂದು, ನಿಮ್ಮ ಆರೋಗ್ಯವೇ ಕೆಟ್ಟರೆ ವಸತಿ ಕೇಂದ್ರವೂ ಒಂದು ದಾರಿ. ಅಂದು ಅದನ್ನು ಆರಿಸಿಕೊಂಡವರು ಕೈಬಿಟ್ಟವರೆಂದು ನಾನು ಒಪ್ಪುವುದಿಲ್ಲ.

ಇಲ್ಲಿ ಒಂದು ಮಾತನ್ನು ಮನೆಯವರೆಲ್ಲರಿಗೂ ಓದಿ ಹೇಳಿ. ಹಿರಿಯರು ತತ್ತ್ವ ಹೇಳುವುದಕ್ಕೂ ಕಿರಿಯರು ಮಾಹಿತಿ ಹೇಳುವುದಕ್ಕೂ ಒಂದು ಅನುಕೂಲವಿದೆ, ರಾತ್ರಿ ಎರಡು ಗಂಟೆಗೆ ಎದ್ದು ಹಾಸಿಗೆ ಬದಲಿಸುವವರು ಇಬ್ಬರೂ ಅಲ್ಲ. ನಿಮ್ಮ ಪತಿ ಎರಡೂ ಕಡೆ ಹೌದೆನ್ನುವುದರ ಬದಲು ವಾರದಲ್ಲಿ ಎರಡು ರಾತ್ರಿ ತಾಯಿಯ ಕೋಣೆಯಲ್ಲಿ ಮಲಗಲಿ. ಮಗಳು ದಿನವೂ ಫೋನ್ ಮಾಡುವ ಹೊತ್ತಿನಲ್ಲಿ ಔಷಧಿಗಳ ಪಟ್ಟಿ, ಪರೀಕ್ಷೆಗಳ ಕಡತ, ವೈದ್ಯರ ಭೇಟಿಯ ದಿನಾಂಕ ಇವನ್ನು ನೋಡಿಕೊಳ್ಳಲಿ, ರಜೆಗೆ ಬಂದಾಗ ಒಂದು ವಾರ ಪೂರ್ತಿ ಅಜ್ಜಿಯ ಜವಾಬ್ದಾರಿ ಹೊತ್ತು ನಿಮ್ಮನ್ನು ಎಲ್ಲಿಗಾದರೂ ಕಳಿಸಲಿ. ಒಂದು ವಾರ ಅಜ್ಜಿಗೆ ಸ್ನಾನ ಮಾಡಿಸಿದ ಹುಡುಗಿಯರು ಆಮೇಲೆ ನನ್ನನ್ನು ಕೇಳುವ ಪ್ರಶ್ನೆಗಳೇ ಬದಲಾಗಿರುತ್ತವೆ. ಯಾರೂ ಮಾತಾಡಲು ಸಿಗದಿದ್ದಾಗ ನೀವು ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಕರೆಮಾಡಬಹುದು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567.

ಮಗನ ವಿಡಿಯೊದ ಬಗ್ಗೆ ನಿಮಗಿರುವಷ್ಟು ಸಿಟ್ಟು ನನಗಿಲ್ಲ. ಅದನ್ನು ಎಲ್ಲರ ಫೋನಿನಿಂದಲೂ ಅಳಿಸಲೇಬೇಕು, ಅಜ್ಜಿಗೆ ಒಪ್ಪಿಗೆ ಕೊಡುವ ಶಕ್ತಿ ಇಲ್ಲದಾಗ ಅವರ ಚಿತ್ರ ಹಂಚುವುದು ತಪ್ಪೆಂದು ಅವನಿಗೆ ಸ್ಪಷ್ಟವಾಗಿ ಹೇಳಲೇಬೇಕು. ಆದರೆ ಹದಿನೈದರ ಹುಡುಗ ನಗುವುದು ಅನೇಕ ವೇಳೆ ಹೆದರಿದಾಗ. ಅಜ್ಜಿ ತನ್ನ ಹೆಸರು ಮರೆತರೆ ಅದು ತನ್ನ ಮೇಲಿನ ಪ್ರೀತಿ ಹೋದಂತೆ ಎಂದು ಅವನು ಭಾವಿಸಿರಬಹುದು, ಇದು ಅಂಟುತ್ತದೆಯೇ ಎಂಬ ಸಂಶಯವೂ ಇರಬಹುದು. ಹತ್ತನೆಯ ತರಗತಿಯ ಮಕ್ಕಳು ನನ್ನನ್ನು ಹಾಗೆ ಕೇಳಿದ್ದಾರೆ. ಹೆಸರು ಹೋದ ಮೇಲೂ ಮುಖದ ಪರಿಚಯ, ದನಿಯ ಪರಿಚಯ, ಈ ಹುಡುಗ ಬಂದರೆ ಹಿತವಾಗುತ್ತದೆ ಎಂಬ ಭಾವ ಬಹುಕಾಲ ಉಳಿಯುತ್ತವೆ. ಕೈ ಕಲಿತ ಕೆಲಸಗಳೂ ಹಾಗೆಯೇ. ಮೊಮ್ಮಗಳ ಹೆಸರು ಹೇಳಲಾಗದ ಒಬ್ಬ ಅಜ್ಜಿ ನನ್ನ ಮೇಜಿನ ಮೇಲಿದ್ದ ಬಿಡಿ ಮಲ್ಲಿಗೆಯನ್ನೂ ನಾರನ್ನೂ ಎಳೆದುಕೊಂಡು, ನಾನು ಚೀಟಿ ಬರೆದು ಮುಗಿಸುವಷ್ಟರಲ್ಲಿ, ಒಂದು ಗಂಟೂ ತಪ್ಪದೆ ಗೇಣುದ್ದ ಮಾಲೆ ಕಟ್ಟಿದ್ದರು. ನಿಮ್ಮ ಮಗ ದಿನಕ್ಕೆ ಹತ್ತು ನಿಮಿಷ ಅಜ್ಜಿಯ ಎದುರು ಕೂತು ಅವರೆಕಾಯಿ ಬಿಡಿಸಲಿ, ಹೂ ಕಟ್ಟುವುದನ್ನು ಕಲಿಯಲಿ. ಮಾತು ಬೇಕಿಲ್ಲ, ಪರೀಕ್ಷಿಸುವ ಪ್ರಶ್ನೆಗಳಂತೂ ಬೇಡವೇ ಬೇಡ: ‘ನಾನು ಯಾರು ಹೇಳಿ ನೋಡೋಣ’ ಎಂದು ದಿನವೂ ಕೇಳುವ ನೆಂಟರಿಗೂ ಇದನ್ನು ತಿಳಿಸಿ.

ತಜ್ಞರ ಭೇಟಿಗೆ ಹೋಗುವ ದಿನ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು, ಮಾವನವರದ್ದನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಇಬ್ಬರ ಮಾತ್ರೆಗಳು ಅದಲುಬದಲಾಗಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಬೆಳಗಿನ ಹೊತ್ತು ಅತ್ತೆಯವರ ಮನಸ್ಸು ತಿಳಿಯಾಗಿರುತ್ತದೆ, ಆದ್ದರಿಂದ ಹನ್ನೊಂದರೊಳಗಿನ ಸಮಯ ಕೇಳಿ. ಕನ್ನಡಕ ಮರೆಯಬೇಡಿ. ಮಾವನವರನ್ನು ಅತ್ತೆಯವರ ಪಕ್ಕದಲ್ಲೇ ಕೂರಿಸಿ, ಉತ್ತರಗಳನ್ನು ಮಾವನವರೇ ಕೊಡಲು ಹೊರಟರೆ ತಡೆಯಬೇಡಿ. ಅದನ್ನು ನೋಡಬೇಕಾದ ವೈದ್ಯರು ನೋಡಿಕೊಳ್ಳುತ್ತಾರೆ.